ಗುಡ್ಡ ತೇಲಿಸುವ ಗಾಳಿ

ಜನವರಿಯಲ್ಲಿ ಮಂಜು ಕವಿಯದ ಒಂದು ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರಿನ ದಂಡೆಗೆ ಹೋಗಿ. ಹೊಸದುರ್ಗದ ಕಡೆಯಿಂದ ಹೋದರೂ ಸರಿ, ಹಿರಿಯೂರಿನ ಕಡೆಯಿಂದಾದರೂ ಸರಿ. ಹೊತ್ತು ಹುಟ್ಟಿ ಅರ್ಧ ಗಂಟೆಯೊಳಗೆ, ಗಾಳಿ ಬೀಸತೊಡಗುವ ಮುಂಚೆ, ನೀರಿನಂಚಿನಲ್ಲಿ ಮಂಡಿಯೂರಿ ಕೂತು ಎದುರು ದಡ ನೋಡಿ. ನಿಂತಿದ್ದಾಗ ನೀರಿಗೆ ತಾಗಿಕೊಂಡೇ ಕಾಣುತ್ತಿದ್ದ ಗುಡ್ಡದ ಚಾಚು, ಕೂತ ಮೇಲೆ ತುದಿಯಲ್ಲಿ ನೀರು ಬಿಟ್ಟು ಮೇಲೇಳುತ್ತದೆ. ತುದಿಗೂ ನೀರಿಗೂ ನಡುವೆ ಬೆಣೆಯಾಕಾರದ ಬಿಳುಪೊಂದು ತೆರೆದುಕೊಳ್ಳುತ್ತದೆ. ಅದು ಆಕಾಶದ ಬಿಳುಪು. ನೀರಿನ ನಡುವೆ ದೂರದಲ್ಲಿ ಪುಟ್ಟ ದಿಬ್ಬವೊಂದು ಉಳಿದಿದ್ದರೆ ಅದಂತೂ ಬುಡ ಕಳಚಿಕೊಂಡು ಪೂರ್ತಿ ತೇಲುತ್ತದೆ. ಎದ್ದು ನಿಂತರೆ ಆ ಬಿಳುಪು ಕಿರಿದಾಗುತ್ತದೆ, ಗುಡ್ಡ ಮತ್ತೆ ನೀರಿಗಿಳಿಯುತ್ತದೆ.

ಮೊಬೈಲಿನಲ್ಲಿ ದೊಡ್ಡದು ಮಾಡಿ ಚಿತ್ರ ತೆಗೆದರೆ ಅದರಲ್ಲೂ ಹೀಗೇ ಮೂಡುತ್ತದೆ. ಹಾಗಾಗಿ ಇದನ್ನು ಕಣ್ಣಿನ ಭ್ರಮೆ ಅಂದು ತಳ್ಳಿಹಾಕುವಂತಿಲ್ಲ. ಗುಡ್ಡದಿಂದ ಹೊರಟ ಬೆಳಕು ನಿಜಕ್ಕೂ ಬಾಗಿಕೊಂಡು ಬಂದು ನಿಮ್ಮ ಕಣ್ಣು ಸೇರಿದೆ. ಹಾಗೆ ಬಾಗಿಸಿದ್ದು ನೀರಿನ ಮೇಲೆ ಕೂತಿರುವ ಗೇಣೆರಡು ಗೇಣು ದಪ್ಪದ ಗಾಳಿ. ರಾತ್ರಿಯಿಡೀ ತಣ್ಣಗಾದ ನೆಲದ ಮೇಲಿಂದ ಹರಿದುಬಂದ ಗಾಳಿ ನೀರಿಗಿಂತ ಏಳೆಂಟು ಡಿಗ್ರಿ ತಂಪಾಗಿದೆ. ನೀರು ಮಾತ್ರ ಹಗಲಿನ ಬೆಚ್ಚನ್ನು ಉಳಿಸಿಕೊಂಡಿದೆ. ನೀರಿಗೆ ಅಂಟಿಕೊಂಡ ಗಾಳಿ ಬಿಸಿ, ಅದರ ಮೇಲಿನದು ತಂಪು. ಗುಡ್ಡ ತೇಲುವುದಕ್ಕೆ ಇಷ್ಟು ಸಾಕು.

ಕಡಲಿನಿಂದ ಸುಮಾರು ಇನ್ನೂರು ಕಿಲೋಮೀಟರ್ ಒಳಗಿರುವ ಬಯಲುಸೀಮೆಯಲ್ಲಿ ಇಂಥದ್ದನ್ನು ನೋಡಲು ಸಿಗುವುದು ಆ ಕಟ್ಟೆಯ ದೆಸೆಯಿಂದ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ನುಗ್ಗುವ ಕಣಿವೆಯನ್ನು ಮುಚ್ಚಿ ಕಟ್ಟಿದ್ದು, ಮುಗಿದಿದ್ದು 1907ರಲ್ಲಿ. ರಾಜಪ್ರತಿನಿಧಿಯಾಗಿ ಮೈಸೂರು ಆಳಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಹಿಡಿಯುವ ನೀರು ಸುಮಾರು 30 ಟಿಎಂಸಿ, ತುಂಬಿದರೆ 130 ಅಡಿ. ತುಂಬಿದ್ದು ಮಾತ್ರ ಅಪರೂಪ: 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷ ಕಳೆದು. ಆಮೇಲೆ ಹೆಚ್ಚು ಕಾಯಿಸಲಿಲ್ಲ, 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಹರಿಯಿತು. ಆಗ ಜನ ಜಾತ್ರೆಗೆ ಬಂದಂತೆ ಬಂದು ಕೋಡಿಯ ನೀರು ನೋಡಿದರು, ಬಾಗಿನ ಬಿಟ್ಟರು. ಕಿಲೋಮೀಟರುಗಟ್ಟಲೆ ಅಡ್ಡಡ್ಡ ಹರಡಿಕೊಂಡ ನೀರು, ಅದರ ಮೇಲೆ ಪದರ ಪದರವಾಗಿ ನಿಲ್ಲುವ ಗಾಳಿ: ಕಡಲಿನ ಮರೀಚಿಕೆಗೆ ಏನೇನು ಬೇಕೋ ಅದೆಲ್ಲ ಅಲ್ಲಿದೆ.

ಕಾರವಾರದಲ್ಲಿ ನಿಂತು ದೇವಗಡ, ಕೂರ್ಮಗಡ ದ್ವೀಪಗಳ ಕಡೆ ನೋಡಿದರೂ ನಡೆಯುವುದು ಇದೇ. ಡಿಸೆಂಬರ್–ಜನವರಿಯ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುವ ತಂಪು ನೆಲಗಾಳಿ, ಬೆಚ್ಚಗಿನ ಅರಬ್ಬಿ ಸಮುದ್ರದ ಮೇಲೆ ಹರಿಯುವಾಗ ದ್ವೀಪಗಳ ಅಂಚು ನೀರಿನಿಂದ ಬಿಡಿಸಿಕೊಳ್ಳುತ್ತದೆ. ಮೀನುಗಾರಿಕೆ ದೋಣಿಗಳು ದಿಗಂತಕ್ಕಿಂತ ತುಸು ಮೇಲೆ ನಿಂತುಕೊಂಡಿರುತ್ತವೆ.

ಗಾಳಿ ಬೆಳಕನ್ನು ಬಾಗಿಸುವ ಪ್ರಮಾಣ ಎಷ್ಟು ಚಿಕ್ಕದು ಅನ್ನುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಿರ್ವಾತದಲ್ಲಿ ಬೆಳಕಿನ ವೇಗಕ್ಕೂ ನಾವು ಉಸಿರಾಡುವ ಗಾಳಿಯಲ್ಲಿ ಅದರ ವೇಗಕ್ಕೂ ಇರುವ ವ್ಯತ್ಯಾಸ ಹತ್ತು ಸಾವಿರದಲ್ಲಿ ಮೂರು ಪಾಲೂ ಇಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಈ ಚಿಕ್ಕ ವ್ಯತ್ಯಾಸದಲ್ಲೂ ಬದಲಾಗುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಚಿತ್ರದುರ್ಗದಂತೆ ಏಳುನೂರು ಮೀಟರ್ ಎತ್ತರದ ಊರಿನಲ್ಲಿ ಗಾಳಿಯೇ ತೆಳು, ಅಲ್ಲಿ ಇನ್ನೂ ಕಡಿಮೆ. ಇಷ್ಟು ಕ್ಷುಲ್ಲಕ ಬದಲಾವಣೆ ಕಣ್ಣಿಗೆ ಬೀಳುವುದಕ್ಕೆ ಒಂದೇ ದಾರಿ: ಬೆಳಕು ಪದರಗಳನ್ನು ಸವರಿಕೊಂಡು, ಬಹುತೇಕ ಅಡ್ಡಡ್ಡವಾಗಿ, ನೂರಾರು ಮೀಟರ್ ಸಾಗಬೇಕು. ಮಂಡಿಯೂರಿ ಕೂತಾಗ ಸಿಗುವುದು ಆ ಸವರುವ ಕೋನ.

ಏಪ್ರಿಲ್ ಮಧ್ಯಾಹ್ನದ ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಆ ಕೋನ ತಾನಾಗಿಯೇ ಸಿಗುತ್ತದೆ. ಹವಾಮಾನ ಇಲಾಖೆಯ ಪೆಟ್ಟಿಗೆಯೊಳಗಿನ ತಾಪಮಾಪಕ 37 ಡಿಗ್ರಿ ತೋರಿಸುವ ಹೊತ್ತಿಗೆ ಕಪ್ಪು ಡಾಂಬರು ಐವತ್ತೈದು, ಅರವತ್ತು ಡಿಗ್ರಿ ಮುಟ್ಟಿರುತ್ತದೆ. ಈ ಇಪ್ಪತ್ತು ಡಿಗ್ರಿಯ ಇಳಿತದಲ್ಲಿ ಬಹುಪಾಲು ಮುಗಿದುಹೋಗುವುದು ಡಾಂಬರಿಗೆ ತಾಗಿದ ಮೊದಲ ಒಂದೆರಡು ಅಂಗುಲದಲ್ಲೇ. ಆಕಾಶದಿಂದ ಇಳಿದುಬಂದ ಬೆಳಕು ಆ ಬಿಸಿ ಪದರದೊಳಗೆ ಹೊಕ್ಕು, ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ರಸ್ತೆ ಕಾಣಬೇಕಾದ ಜಾಗದಲ್ಲಿ ಆಕಾಶ ಕಾಣುತ್ತದೆ. ಬಿಸಿಗಾಳಿ ಕುದಿಯುತ್ತಾ ಇರುವುದರಿಂದ ಆ ಆಕಾಶ ನಡುಗುತ್ತದೆ, ನಡುಗುವ ಹೊಳಪನ್ನು ನಾವು ನೀರು ಅನ್ನುತ್ತೇವೆ. ಎದುರಿನ ಲಾರಿ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ.

ಹೀಗೆ ಮೇಲಕ್ಕೆ ತಿರುಗಲು ಬೆಳಕು ನೆಲಕ್ಕೆ ಎಷ್ಟು ಓರೆಯಾಗಿ ಬರಬೇಕು? ಹದಿನೈದು–ಇಪ್ಪತ್ತು ಡಿಗ್ರಿ ಉಷ್ಣಾಂಶದ ವ್ಯತ್ಯಾಸಕ್ಕೆ ಆ ಕೋನ ಹೆಚ್ಚೂಕಡಿಮೆ 0.3 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ, ಅದಕ್ಕಿಂತಲೂ ಸಣ್ಣದು. ನನಗೆ ಬಲು ಮೆಚ್ಚುಗೆಯಾದ ಲೆಕ್ಕ ಇಲ್ಲಿಂದ ಹೊರಡುತ್ತದೆ. ಕಣ್ಣಿನ ಎತ್ತರ ನೆಲದಿಂದ ಒಂದೂವರೆ ಮೀಟರ್ ಇದ್ದರೆ ‘ನೀರು’ ಶುರುವಾಗುವುದು ಸುಮಾರು ಮುನ್ನೂರು ಮೀಟರ್ ಮುಂದೆ. ಲಾರಿ ಓಡಿಸುವವನ ಕಣ್ಣು ಎರಡೂವರೆ ಮೀಟರ್ ಎತ್ತರದಲ್ಲಿರುವುದರಿಂದ ಅವನಿಗೆ ಅದು ಅರ್ಧ ಕಿಲೋಮೀಟರ್ ದೂರ. ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಂಗಡಿ ಮಾರುವ ಹೆಣ್ಣುಮಗಳಿಗೆ ನೂರೈವತ್ತು ಮೀಟರ್ ಆಚೆಗೇ ನೀರು. ಒಂದೇ ರಸ್ತೆ, ಒಂದೇ ಬಿಸಿಲು. ಮೂವರು ನೋಡುವುದು ಮೂರು ಬೇರೆ ಜಾಗದಲ್ಲಿ. ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯುವುದೂ ಈ ಕಾರಣಕ್ಕೇ: ಕೋನ ಬದಲಾಗದು, ಕಣ್ಣಿನ ಎತ್ತರ ಬದಲಾಗದು, ಹಾಗಾಗಿ ದೂರವೂ ಬದಲಾಗದು. ಲೆಕ್ಕವನ್ನು ತಿರುಗಿಸಿ ಹಾಕಿದರೆ, ಕಣ್ಣಿನ ಎತ್ತರ ಮತ್ತು ನೀರಿನ ದೂರ ಅಳೆದು ಡಾಂಬರಿನ ಮೇಲಿನ ಗಾಳಿ ಎಷ್ಟು ಕಾದಿದೆ ಎಂದು ಅಂದಾಜು ಹೇಳಬಹುದು. ಕೈಯಿಂದ ಮುಟ್ಟದೆ ಕಾವು ಅಳೆಯುವ ಉಪಕರಣವೊಂದು ಈ ಜಿಲ್ಲೆಯ ಪ್ರತಿ ನೇರ ರಸ್ತೆಯಲ್ಲೂ ಬೇಸಿಗೆಯಿಡೀ ಬಿದ್ದಿರುತ್ತದೆ.

ಹಿರಿಯೂರು–ಹುಳಿಯಾರು, ಹೊಳಲ್ಕೆರೆ–ಹೊಸದುರ್ಗದಂಥ ಎದುರುಬದುರು ವಾಹನ ಬರುವ ರಸ್ತೆಗಳಲ್ಲಿ ಇದಕ್ಕೊಂದು ಅಪಾಯದ ಮುಖವೂ ಇದೆ. ದೂರದ ವಾಹನದ ಚಕ್ರ, ಅದರ ಕೆಳಗಿನ ರಸ್ತೆ, ದಾಟುತ್ತಿರುವ ಕುರಿಮಂದೆಯ ಕಾಲು, ಎಲ್ಲವನ್ನೂ ಆ ಹೊಳಪು ನುಂಗಿಹಾಕಿರುತ್ತದೆ. ಬುಡ ಕಾಣದ ವಸ್ತು ಎಷ್ಟು ದೂರದಲ್ಲಿದೆ ಎಂದು ಕಣ್ಣು ಸರಿಯಾಗಿ ಅಂದಾಜು ಮಾಡಲಾರದು. ಮಟಮಟ ಮಧ್ಯಾಹ್ನ ಓವರ್‌ಟೇಕ್ ಮಾಡುವವರು ನೆನಪಿಡಬೇಕಾದ ಸಂಗತಿ ಇದು.

ಮರೀಚಿಕೆಗೆ ವಿಜ್ಞಾನದ ವಿವರಣೆ ಕೊಟ್ಟವರಲ್ಲಿ ಮೊದಲಿಗೆ ಹೆಸರಾದವನು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೊಂಜ್. 1798ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋದ ಅವನು, ಮರಳುಗಾಡಿನಲ್ಲಿ ಬಾಯಾರಿದ ಸೈನಿಕರಿಗೆ ಕಾಣುತ್ತಿದ್ದ ಕೆರೆಗಳ ಮರ್ಮ ಬಿಡಿಸಿದ. ಬಿಸಿ ಪದರ ಕನ್ನಡಿಯಾಗಿ ಬೆಳಕನ್ನು ಮರಳಿಸುತ್ತದೆ ಅನ್ನುವ ಅವನ ವಿವರಣೆ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ‘ಪೂರ್ಣ ಆಂತರಿಕ ಪ್ರತಿಫಲನ’ ಎಂಬ ಹೆಸರಿನಲ್ಲಿ ನಡೆದುಬಂದಿದೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ.

ಆದರೆ ಅದರಲ್ಲೊಂದು ತೊಡಕಿದೆ. ಗಾಜಿಗೂ ಗಾಳಿಗೂ ನಡುವೆ ಇರುವಂಥ ಖಚಿತ ಗೆರೆ ರಸ್ತೆ ಮೇಲಿನ ಗಾಳಿಯಲ್ಲಿ ಎಲ್ಲೂ ಇಲ್ಲ. ಉಷ್ಣಾಂಶ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುತ್ತದೆ. ಕಿರಣ ಬಾಗುತ್ತಾ ಬಾಗುತ್ತಾ ನೆಲಕ್ಕೆ ಸಮಾನಾಂತರವಾದ ಮೇಲೆ ಹಾಗೇ ನೇರ ಹೋಗಿಬಿಡದೆ ಮೇಲಕ್ಕೇ ಯಾಕೆ ತಿರುಗಬೇಕು? ಬೆಳಕನ್ನು ದಾರದೆಳೆಯಂಥ ಕಿರಣ ಅಂದುಕೊಂಡಷ್ಟು ಹೊತ್ತು ಈ ಪ್ರಶ್ನೆ ಕಾಡುತ್ತದೆ. ಇದನ್ನು ಕೈಗೆತ್ತಿಕೊಂಡಿದ್ದು ನಮ್ಮ ಬೆಂಗಳೂರಿನಲ್ಲೇ. 1959ರಲ್ಲಿ ಸಿ.ವಿ. ರಾಮನ್ ಮತ್ತು ಎಸ್. ಪಂಚರತ್ನಂ ಸೇರಿ ಮರೀಚಿಕೆಯ ದ್ಯುತಿವಿಜ್ಞಾನದ ಬಗ್ಗೆ ಪ್ರಬಂಧ ಬರೆದರು. ಅದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಅಚ್ಚಾಯಿತು. ರಾಮನ್ ಅವರಿಗೆ ಆಗ ಎಪ್ಪತ್ತು ದಾಟಿತ್ತು, ಪಂಚರತ್ನಂ ಇಪ್ಪತ್ತೈದರ ಆಸುಪಾಸಿನ ಹುಡುಗ. ನೊಬೆಲ್ ಬಂದು ಹೆಚ್ಚೂಕಡಿಮೆ ಮೂರು ದಶಕ ಕಳೆದ ಮೇಲೂ, ದಾರಿಹೋಕರೆಲ್ಲ ನೋಡಿ ಮರೆಯುವ ಬಿಸಿಲುಗುದುರೆಯನ್ನು ಹಿಡಿದು ಕೂತ ಆ ಹಿರಿಯರ ಕುತೂಹಲದ ಮುಂದೆ ಕೈಮುಗಿಯಬೇಕು ಅನಿಸುತ್ತದೆ.

ಅವರು ಬೆಳಕನ್ನು ಅಲೆಯಾಗಿ ನೋಡಿದರು. ಅಲೆಗೆ ಅಗಲ ಇದೆ. ಅದರ ಕೆಳಗಿನ ಭಾಗ ಬಿಸಿಯಾದ, ತೆಳುವಾದ ಗಾಳಿಯಲ್ಲಿ ತುಸು ಬೇಗ ಸಾಗುತ್ತದೆ, ಮೇಲಿನ ಭಾಗ ತಂಪಾದ ದಟ್ಟ ಗಾಳಿಯಲ್ಲಿ ಹಿಂದೆ ಬೀಳುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗಿಳಿದರೆ ಇಡೀ ಗಾಡಿ ಕೆಸರಿನ ಕಡೆಗೇ ವಾಲಿ ತಿರುಗುವ ಹಾಗೆ, ಅಲೆಯೂ ನಿಧಾನವಾದ ಕಡೆಗೆ, ಅಂದರೆ ತಂಪು ಗಾಳಿಯ ಕಡೆಗೆ ತಿರುಗುತ್ತದೆ. ಸಮಾನಾಂತರವಾದ ಘಳಿಗೆಯಲ್ಲೂ ಮೇಲ್ಭಾಗ–ಕೆಳಭಾಗದ ವೇಗದ ವ್ಯತ್ಯಾಸ ಇದ್ದೇ ಇರುವುದರಿಂದ ತಿರುಗುವುದು ನಿಲ್ಲುವುದಿಲ್ಲ. ಮಕ್ಕಳಿಗೆ ಹೇಳಿಕೊಡಲು ಇದು ಕನ್ನಡಿಯ ಕತೆಗಿಂತ ಕಷ್ಟದ್ದೇನಲ್ಲ. ಅಲ್ಲದೆ ಇದೊಂದು ಮಾತು ಹಿಡಿದುಕೊಂಡರೆ ಮರೀಚಿಕೆಯ ಎಲ್ಲ ಬಗೆಗಳೂ ಕೈವಶ: ಬೆಳಕು ಯಾವಾಗಲೂ ತಂಪಿನ ಕಡೆಗೆ ಬಾಗುತ್ತದೆ.

ಹಾಗಾದರೆ ತಂಪು ಕೆಳಗಿದ್ದು ಬಿಸಿ ಮೇಲಿದ್ದರೆ? ಅದೇ ಮಾರಿಕಣಿವೆಗೆ ಮಾರ್ಚ್ ಕೊನೆಯಲ್ಲಿ, ಗಾಳಿ ಬಿದ್ದ ಹೊತ್ತಿನಲ್ಲಿ ಹೋಗಿ. ಸುತ್ತಲಿನ ಕಪ್ಪುನೆಲದ ಮೇಲೆ ಕಾದ ಗಾಳಿ ನೀರಿನ ಮೇಲಕ್ಕೆ ತೇಲಿಬಂದಿರುತ್ತದೆ. ನೀರು ಅದಕ್ಕಿಂತ ತಂಪು. ನೀರಿಗೆ ತಾಗಿದ ಗಾಳಿ ತಣಿದು ದಟ್ಟವಾಗಿ ಕೆಳಗೆ ಕೂತಿರುತ್ತದೆ. ಈಗ ಬೆಳಕು ಕೆಳಕ್ಕೆ ಬಾಗುತ್ತದೆ. ಎದುರು ದಡ ತೇಲುವ ಬದಲು ಎತ್ತರಕ್ಕೆ ಹಿಗ್ಗಿದಂತೆ, ಗೋಡೆಯೆದ್ದಂತೆ ಕಾಣಬಹುದು. ಜನವರಿಯದಕ್ಕಿಂತ ಇದನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಬೇಸಿಗೆಯ ಗಾಳಿ ಬೇಗ ಎದ್ದು ಪದರಗಳನ್ನು ಕಲಕಿಬಿಡುತ್ತದೆ.

ಭೂಮಿ ಉರುಟಾಗಿರುವುದರಿಂದ ದಿಗಂತದಾಚೆಯದು ಕಾಣಬಾರದು. ಆದರೆ ಕಡಲ ಮೇಲಿನ ಗಾಳಿ ಮೇಲೆ ಹೋದಂತೆ ಪ್ರತಿ ಮೀಟರಿಗೆ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಬಿಸಿಯಾಗುತ್ತಾ ಹೋದರೆ, ಬೆಳಕು ಭೂಮಿಯಷ್ಟೇ ಬಾಗಿ ಅದರ ಮೈ ಅನುಸರಿಸಿಕೊಂಡೇ ಸಾಗುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಅಂದರೆ ಮೈಗೆ ಗೊತ್ತೂ ಆಗದಷ್ಟು. ಆಗ ದಿಗಂತದಾಚೆಯ ಹಡಗು, ದ್ವೀಪ, ಒಮ್ಮೊಮ್ಮೆ ಹುಟ್ಟದ ಸೂರ್ಯ ಕೂಡ ಕಣ್ಣಿಗೆ ಬೀಳುವುದುಂಟು. 1597ರ ಜನವರಿಯಲ್ಲಿ ಉತ್ತರ ಧ್ರುವದ ಬಳಿಯ ನೊವಾಯಾ ಜೆಮ್ಲಿಯಾ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿದ್ದ ಡಚ್ ನಾವಿಕರು, ಸೂರ್ಯ ಮೂಡಬೇಕಾದ ದಿನಕ್ಕೆ ಎರಡು ವಾರ ಮುಂಚೆಯೇ ಅವನನ್ನು ಕಂಡರು. ಊರಿಗೆ ಮರಳಿ ಹೇಳಿದರೆ ಹಲವರು ನಂಬಲಿಲ್ಲ. 1822ರಲ್ಲಿ ಗ್ರೀನ್‌ಲೆಂಡ್ ಬಳಿ ವಿಲಿಯಂ ಸ್ಕೋರ್ಸ್‌ಬಿ ಎಂಬ ಕಪ್ತಾನ ಆಕಾಶದಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಹಡಗೊಂದನ್ನು ನೋಡಿ, ಅದು ತನ್ನ ತಂದೆಯದೇ ಎಂದು ಗುರುತಿಸಿದ. ಹಡಗು ಆಗಿನ್ನೂ ದಿಗಂತದಾಚೆ ಇತ್ತು.

ನಮ್ಮ ಅರಬ್ಬಿ ಸಮುದ್ರದ ಕತೆ ಇವೆರಡಕ್ಕಿಂತ ದೊಡ್ಡದು. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯಲ್ಲಿದ್ದ ರೇಡಾರ್ ಒಂದು ಬೇಸಿಗೆಯ ದಿನಗಳಲ್ಲಿ ಸಾವಿರ ಮೈಲಿಗೂ ಆಚೆಯ ಅರೇಬಿಯಾ ಕರಾವಳಿಯನ್ನು ‘ಕಂಡಿತ್ತು’. ರೇಡಿಯೊ ಅಲೆಯೂ ಬೆಳಕಿನ ಜಾತಿಯದೇ. ಅದರ ಮೇಲೆ ಉಷ್ಣಾಂಶದ ಜೊತೆಗೆ ತೇವಾಂಶವೂ ಬಲವಾಗಿ ಕೆಲಸ ಮಾಡುತ್ತದೆ. ಕೆಳಗೆ ತಂಪಾದ ತೇವದ ಗಾಳಿ, ಮೇಲೆ ಬಿಸಿಯಾದ ಒಣಗಾಳಿ ಇದ್ದರೆ ನಡುವೆ ಕೊಳವೆ ಸಿದ್ಧವಾಗುತ್ತದೆ. ಅಲೆ ಅದರೊಳಗೇ ಸಿಕ್ಕಿಕೊಂಡು ಸಾಗರ ದಾಟುತ್ತದೆ.

ಪದರದ ಆಟ ಹಗಲಿಗೇ ಮುಗಿಯುವುದಿಲ್ಲ. ನೋಡಲು ಬೆಳಕಿಲ್ಲದಿದ್ದರೂ ಚಿತ್ರದುರ್ಗದ ಬಯಲಿನಲ್ಲಿ ಚಳಿಗಾಲದ ರಾತ್ರಿಯಷ್ಟು ಸ್ಪಷ್ಟವಾಗಿ ಗಾಳಿ ಪದರಗಟ್ಟುವುದು ಬೇರೆ ಹೊತ್ತಿನಲ್ಲಿ ಇಲ್ಲ. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ಆಗ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ಈ ಸಾಮಾನ್ಯ ನಿಯಮದೊಳಗೂ ಒಂದು ವಿಚಿತ್ರವನ್ನು ಕಂಡುಹಿಡಿದವರು ರಾಮನ್ ಅವರ ಶಿಷ್ಯ ಎಲ್.ಎ. ರಾಮದಾಸ್. ಎಲ್ಲಕ್ಕಿಂತ ತಂಪಾದ ಗಾಳಿ ನೆಲಕ್ಕೆ ತಾಗಿದ್ದಲ್ಲ, ನೆಲದಿಂದ ಒಂದೆರಡು ಗೇಣು ಮೇಲಿನದು ಎಂದು 1932ರಲ್ಲಿ ಅವರು ಅಳತೆ ಸಮೇತ ತೋರಿಸಿದರು. ಪುಣೆಯಲ್ಲಿ ನೆಲದ ಹತ್ತಿರದ ಹವೆ ಅಳೆಯುತ್ತಿದ್ದಾಗ ಸಿಕ್ಕ ಫಲಿತಾಂಶ ಇದು. ಮಾಪಕ ತಪ್ಪಿರಬೇಕು ಎಂದು ಹೊರದೇಶದ ಪಂಡಿತರು ಬಹುಕಾಲ ಅನುಮಾನಿಸಿದರು. ಅದಕ್ಕೊಂದು ಸಿದ್ಧಾಂತ ಸಿಕ್ಕಿದ್ದು 1990ರ ದಶಕದಲ್ಲಿ, ಬೆಂಗಳೂರಿನಲ್ಲಿ, ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಅವರ ಜೊತೆಗಾರರಿಂದ. ಆಮೇಲೆ ಅಲ್ಲಿನ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದವರು ನೆಲದ ಹತ್ತಿರ ತೇಲುವ ಸೂಕ್ಷ್ಮ ಕಣಗಳ ಪಾತ್ರವನ್ನು ಹೊರಗೆಡಹಿದರು. ಈಗ ಅದು ಜಗತ್ತಿನಾದ್ಯಂತ ‘ರಾಮದಾಸ್ ಪದರ’.

ಹಿರಿಯೂರಿನ ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ ಹಾಕಿದವರು ಈ ತಂಪಿನ ಒಡನಾಟದಲ್ಲೇ ಬೆಳೆ ತೆಗೆಯುತ್ತಾರೆ. ಮಳೆ ನಿಂತ ಮೇಲೆ ಆ ಗಿಡಕ್ಕೆ ಇರುವುದು ಮಣ್ಣಿನೊಳಗಿನ ಹಸಿ ಮತ್ತು ರಾತ್ರಿಯ ಇಬ್ಬನಿ. ಮುಂಜಾನೆ ಕಡಲೆ ಹೊಲದಲ್ಲಿ ನಡೆದರೆ ಮೊಣಕಾಲಿನವರೆಗೆ ಪಂಚೆ ತೊಯ್ದು ತೊಪ್ಪೆಯಾಗುತ್ತದೆ, ಎಲೆಯ ಹುಳಿ ಚರ್ಮಕ್ಕೆ ಚುರುಗುಟ್ಟುತ್ತದೆ. ಸೊಂಟದ ಮೇಲೆ ಬಟ್ಟೆ ಒಣಗಿಯೇ ಇರುತ್ತದೆ.

ಇದೇ ಪದರದಿಂದ ಕಷ್ಟಕ್ಕೂ ದಾರಿಯಿದೆ. ಗಾಳಿಯಿಲ್ಲದ ಹೊತ್ತೇ ಒಳ್ಳೆಯದೆಂದು ನಸುಕಿನಲ್ಲೇ ಈರುಳ್ಳಿಗೋ ದಾಳಿಂಬೆಗೋ ಔಷಧಿ ಹೊಡೆಯುವವರಿದ್ದಾರೆ. ಕೆಳಗೆ ತಂಪು, ಮೇಲೆ ಬೆಚ್ಚಗೆ ಇರುವಾಗ ಗಾಳಿ ಮೇಲೆ–ಕೆಳಗೆ ಕಲೆಯುವುದಿಲ್ಲ. ಸಣ್ಣ ಹನಿಗಳು ಗಿಡದ ಮೇಲೆ ಕೂರದೆ ಆ ತಂಪು ಪದರದೊಳಗೇ ತೇಲುತ್ತಾ ಪಕ್ಕದ ಹೊಲಕ್ಕೆ, ಪಕ್ಕದ ಮನೆಯಂಗಳಕ್ಕೆ, ಸಿಂಪಡಿಸುವವನ ಮೂಗಿಗೆ ಹೋಗುತ್ತವೆ. ಒಲೆಯ ಹೊಗೆ ನೋಡಿದರೆ ಗೊತ್ತಾಗುತ್ತದೆ: ತುಸು ಮೇಲೇರಿ ಅಲ್ಲೇ ಅಡ್ಡಡ್ಡ ಹರಡಿಕೊಂಡಿದ್ದರೆ ಪಂಪು ಕೆಳಗಿಡುವುದೇ ಸರಿ. ಹೊತ್ತೇರಿ ಹೊಗೆ ಮೇಲಕ್ಕೆ ಬಿಡಿಸಿಕೊಂಡು ಹೋಗತೊಡಗಿದ ಮೇಲೆ, ಎಲೆ ಸಣ್ಣಗೆ ಅಲುಗುವಷ್ಟು ಗಾಳಿಯಲ್ಲಿ ಹೊಡೆಯುವುದು ಕ್ಷೇಮ. ಸಂಜೆ ಹೊತ್ತು ಕಸಕ್ಕೆ ಬೆಂಕಿ ಹಾಕುವುದೂ ಇಷ್ಟೇ ಕೆಟ್ಟದ್ದು. ಗುಡ್ಡಗಳು ಸುತ್ತುವರಿದ ಚಿತ್ರದುರ್ಗದಲ್ಲಿ ಆ ಹೊಗೆ ಬೆಳಗಿನವರೆಗೆ ಊರು ಬಿಟ್ಟು ಕದಲುವುದಿಲ್ಲ. ಅದನ್ನು ಉಸಿರಾಡುವುದು ತೊಟ್ಟಿಲ ಮಕ್ಕಳು ಮತ್ತು ಉಬ್ಬಸದ ಮುದುಕರು.

ಶಬ್ದವೂ ತಂಪಿನ ಕಡೆಗೇ ಬಾಗುತ್ತದೆ. ಹಗಲು ನೆಲ ಕಾದಿರುವಾಗ ಅದು ಮೇಲಕ್ಕೆ ಹಾರಿಹೋಗುತ್ತದೆ, ರಾತ್ರಿ ಕೆಳಕ್ಕೆ ಮರಳುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನ ರೈಲಿನ ಕೂಗು ಮಧ್ಯಾಹ್ನ ಕೇಳಿಸದ ಹಳ್ಳಿಗೂ ಮಾಗಿಯ ನಸುಕಿನಲ್ಲಿ ಪಕ್ಕದಲ್ಲೇ ಕೂಗಿದಂತೆ ಕೇಳುವುದು ಇದರಿಂದ. ಜೋಗಿಮಟ್ಟಿಯ ಕಡೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ರಾತ್ರಿ ಬಿರುಸಾಗಿ ತಿರುಗುತ್ತಿರುವಾಗ ಕೆಳಗೆ ಅಂಗಳದ ತುಳಸಿ ಎಲೆ ಅಲುಗದೆ ನಿಂತಿರುವುದನ್ನೂ ಇದರ ಜೊತೆಗೇ ಇಟ್ಟು ನೋಡಬೇಕು. ತಂಪು ಪದರ ನೆಲಕ್ಕೆ ಅಂಟಿಕೊಂಡು ನಿಶ್ಚಲವಾದಾಗ, ನೆಲದ ತಡೆ ತಪ್ಪಿದ ಮೇಲಿನ ಗಾಳಿ ಹಗಲಿಗಿಂತ ಜೋರಾಗಿ ಹರಿಯುತ್ತದೆ.

ಜಿಲ್ಲೆಯ ಆರೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಇದನ್ನು ಅಳೆಯಬೇಕು ಅನ್ನುವುದು ನನ್ನ ಬಹುದಿನದ ಆಸೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇರುವ ಜಿಲ್ಲೆ ಇದು. ಅಲ್ಲಿನ ಅಮೃತಮಹಲ್ ಹುಲ್ಲುಗಾವಲಿನ ಇನ್ನೊಂದು ಭಾಗದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ರನ್‌ವೇ ಮೇಲೆ, 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊದ ಮರುಬಳಕೆ ಉಡಾವಣಾ ವಾಹನ ತಾನಾಗಿಯೇ ಇಳಿಯಿತು. ಅಷ್ಟು ದೊಡ್ಡ ಪ್ರಯೋಗಗಳ ನೆರೆಯಲ್ಲಿರುವ ಮಕ್ಕಳಿಗೆ ಒಂದು ಬಿದಿರಿನ ಗಳು, ನಾಲ್ಕು ತಾಪಮಾಪಕ ದುಬಾರಿಯಾಗದು. ಮೈದಾನದಲ್ಲಿ ಗಳು ನೆಟ್ಟು ನೆಲದಿಂದ ಒಂದು ಅಂಗುಲ, ಒಂದು ಗೇಣು, ಒಂದು ಮೀಟರ್, ಎರಡು ಮೀಟರ್ ಎತ್ತರದಲ್ಲಿ ಮಾಪಕ ಕಟ್ಟಬೇಕು. ಹಗಲು ಬಿಸಿಲು ನೇರ ಬೀಳದಂತೆ ಪ್ರತಿಯೊಂದಕ್ಕೂ ಬಿಳಿ ರಟ್ಟಿನ ಮರೆ ಬೇಕು. ಮಧ್ಯಾಹ್ನ ಎರಡಕ್ಕೆ ಒಮ್ಮೆ, ಸೂರ್ಯ ಹುಟ್ಟುವ ಮುಂಚೆ ಒಮ್ಮೆ ಓದಿ ಬರೆದುಕೊಂಡರಾಯಿತು. ಮಧ್ಯಾಹ್ನದ ಪಟ್ಟಿ ಕೆಳಗಿನಿಂದ ಮೇಲಕ್ಕೆ ಇಳಿಯುತ್ತಾ ಹೋದರೆ, ನಸುಕಿನದು ಏರುತ್ತಾ ಹೋಗುತ್ತದೆ. ಬರಿನೆಲದ ಮೇಲೆ, ಗಾಳಿ ಪೂರ್ತಿ ನಿಂತ ಶುಭ್ರ ರಾತ್ರಿಯಾಗಿದ್ದರೆ, ಗೇಣೆತ್ತರದ ಮಾಪಕ ಅಂಗುಲದೆತ್ತರದ್ದಕ್ಕಿಂತ ಕಡಿಮೆ ತೋರಿಸುವ ದಿನವೂ ಬರುತ್ತದೆ. ಅಂದು ಮಕ್ಕಳು ಅಳೆದಿರುವುದು ರಾಮದಾಸರು ಪುಣೆಯಲ್ಲಿ ಅಳೆದ ಪದರವನ್ನೇ.